ಅವ್ವನ ಅರ್ಧ ಕೌದಿ

ಉತ್ತರ ಕರ್ನಾಟಕದವರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆ. ನಾನಿರುವ ಪುಣೆಯಲ್ಲಿ ಇದು ಗೋಧಡಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳದು ಕವಂದಿ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಮ್ಮ ಅವ್ವನದು ಉದ್ದಕ್ಕೆ ಸಾಲು ಹಿಡಿದು ಹೋಗುವ ಹೊಲಿಗೆ.

ಕಳೆದ ದಸರೆಗೆ ಊರಿಗೆ ಹೋದಾಗ ಅಂಥದೊಂದು ಕೌದಿ ಅರ್ಧಕ್ಕೇ ನಿಂತು ಟ್ರಂಕಿನ ಮೇಲೆ ಮಡಚಿಕೊಂಡು ಕೂತಿತ್ತು. ಅವ್ವನ ಬೆರಳು ಈಗ ಮಡಚುವುದಿಲ್ಲ. "ಹಳೇ ಅರಿವಿಗೆ ಬೋಗಾಣಿ ಕೊಡಾಕಿ ಬಂದ್ರ ಕೊಟ್ಟಬಿಡ್ತೀನಿ ತಮ್ಮಾ" ಎಂದಳು. ಮೇಲಿನ ಪದರದಲ್ಲಿದ್ದದ್ದು ಹಸಿರು ಇಳಕಲ್ಲ ಸೀರೆ. ಅಪ್ಪ ತೀರಿದ ಮೇಲೆ ಅವಳು ಅದನ್ನು ಉಟ್ಟಿರಲಿಲ್ಲ. ಅದನ್ನು ತಾನೇ ಹೊರತೆಗೆದು ಕೌದಿಗೆ ಹಾಕಿದ್ದಳು. ಅದು ಬೋಗಾಣಿಗೆ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ರಾತ್ರಿ ಬಸ್ಸಿನಲ್ಲಿ ಪುಣೆಗೆ ತಂದೆ.

ಹೊಲಿಗೆ ಮಷೀನು ಐದು ಪದರವನ್ನು ಒಲ್ಲೆ ಎಂದಿತು. ಕೈಯೇ ಗತಿ. ಇನ್ನೂ ಎರಡೂಕಾಲು ಅಡಿ ಅಗಲ ಉಳಿದಿತ್ತು. ಸಾಲಿಗೊಂದು ಬೆರಳು ಅಂತರವೆಂದರೆ 36 ಸಾಲು. ಒಂದೊಂದಕ್ಕೂ ಒಂದು ಗಂಟೆ. ಎಂ.ಟೆಕ್ ಮಾಡಿದ, ಮೀಸೆ ಹೊತ್ತ ಗಂಡಸು ನೆಲದ ಮೇಲೆ ಕೌದಿ ಹರವಿ ಕೂತದ್ದನ್ನು ನೋಡಿ ಮನೆಗೆಲಸದ ಮಾವಶಿ ನಕ್ಕು, ಆಮೇಲೆ ಪಕ್ಕದಲ್ಲೇ ಕೂತು ಸೂಜಿ ಹಿಡಿಯುವುದನ್ನು ತೋರಿಸಿಕೊಟ್ಟರು: ಎಡಗೈ ಕೌದಿಯ ಕೆಳಗೆ, ಮೂರ್ನಾಲ್ಕು ಹೊಲಿಗೆ ಸೂಜಿಗೆ ಏರಿದ ಮೇಲೆ ಒಂದೇ ಎಳೆತ.

ತೊಂದರೆ ಕೊಟ್ಟದ್ದು ಸೀರೆಯ ಜಾತಿ. ನಮ್ಮ ಇಳಕಲ್ಲ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ನೇಯುವಾಗ ಎರಡರ ಹಾಸನ್ನೂ ಕೊಂಡಿಯಂತೆ ಬೆಸೆಯುತ್ತಾರೆ; ಅದಕ್ಕೆ ಟೋಪ್ ತೆನಿ ಎನ್ನುತ್ತಾರೆ. ನೇಕಾರ ಬೆಸೆದದ್ದು ಸೂಜಿಯ ಕೆಳಗೆ ಬೇರೆಬೇರೆಯಾಗಿ ನಡೆದುಕೊಳ್ಳುತ್ತದೆ. ಸವೆದ ಹತ್ತಿ ದಾರ ಬಿಗಿದರೆ ಹರಿಯುತ್ತದೆ. ರೇಷ್ಮೆ ಜಾರಿ ಗುಬ್ಬಿಕಟ್ಟುತ್ತದೆ. ಫೋನಿನಲ್ಲಿ ಅವ್ವನನ್ನು ಕೇಳಿದೆ. "ಹರದದ್ದಕ್ಕ ಅಪ್ಪನ ಧೋತರದ ತುಂಡು ತ್ಯಾಪಿ ಹಚ್ಚು. ಸೆರಗಿಗೆ ಗೇಣಿಗೊಂದು ಟಾಕಿ ಹಾಕಿ ಆಮ್ಯಾಲ ಹೊಲಿ. ದಾರ ಜಗ್ಗಬ್ಯಾಡ, ಅದರಷ್ಟಕ್ಕ ಅದು ಕೂಡ್ತದ." ಹಾಗೇ ಮಾಡಿದೆ. ರಿಲೀಸ್ ಇದ್ದ ವಾರ ಒಂದು ಸಾಲೂ ಆಗುತ್ತಿರಲಿಲ್ಲ. ಕೆಲವು ರಾತ್ರಿ ಅರ್ಧ ಸಾಲಿಗೇ ಹೆಬ್ಬೆರಳು ಉರಿಯುತ್ತಿತ್ತು.

ಅವ್ವನ ಹೊಲಿಗೆಯ ಪಕ್ಕದಲ್ಲೇ ನನ್ನದನ್ನು ಹಾಕುತ್ತ ಹೋದಾಗ ಕಂಡದ್ದು ಬೇರೆ. ಅವಳ ಸಾಲುಗಳು ಅಕ್ಕಿಕಾಳು ಜೋಡಿಸಿದ ಹಾಗಿವೆ. ಕೊನೆಯ ಮೂರರಲ್ಲಿ ಮಾತ್ರ ಹೊಲಿಗೆ ಹುಣಸೆಬೀಜದಷ್ಟು ಉದ್ದವಾಗಿ, ಓರೆಯಾಗಿ, ಅಲ್ಲಲ್ಲಿ ದಾರ ಕಡಿದು ಮತ್ತೆ ಗಂಟು ಹಾಕಿದೆ. ಆ ದಿನಗಳ ಪ್ರತಿ ರವಿವಾರವೂ ಅವಳು ಫೋನಿನಲ್ಲಿ ಹೇಳಿದ್ದು, "ಆರಾಮ ಅದೀನಿ." ಆ ಮೂರು ಸಾಲು ಬಿಚ್ಚಿ ಸರಿಯಾಗಿ ಹೊಲಿಯಬಹುದಲ್ಲ ಎಂದಳು ಹೆಂಡತಿ. ಬಿಚ್ಚಲಿಲ್ಲ. ಈಗ ಫೋನಿನಲ್ಲಿ ಬೆರಳು ಹೇಗಿವೆ ಎಂದು ಬಿಡಿಸಿ ಕೇಳುತ್ತೇನೆ. ಮೊದಮೊದಲು ಮಾತು ಹಾರಿಸುತ್ತಿದ್ದಳು. ಹೋದ ತಿಂಗಳು ಡಾಕ್ಟರ ಕಡೆ ಬರಲು ಒಪ್ಪಿದಳು.

36ನೆಯ ಸಾಲು ಮುಗಿಯಲು ಐದು ತಿಂಗಳು ಹಿಡಿಯಿತು. ಕೊನೆಯ ಮೂಲೆಯೊಂದು ಬಾಕಿ ಇದ್ದಾಗ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವ್ವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, "ಹೊಟ್ಟಿಗಿ ಏನರ ಹಾಕಿದಿ?" ಎಂದಳು. ನನ್ನ ಊಟ ವಿಚಾರಿಸುತ್ತಿದ್ದಾಳೆಂದು "ಆತವ್ವಾ, ಈಗ ಉಂಡೆ" ಎಂದೆ.

"ನಿಂದಲ್ಲೋ, ಕೌದೀದು. ಹಸದು ಮಲಗಬಾರದದು. ಮೂಲಿ ಮುಚ್ಚೂಕಿಂತ ಮೊದಲ ಒಂದ ಚೂರು ರೊಟ್ಟಿ ಇಡು."

ಅಡುಗೆಮನೆಯಲ್ಲಿ ಅಂದು ಜೋಳದ ರೊಟ್ಟಿ ಇರಲಿಲ್ಲ. ಚಪಾತಿಯ ತುಂಡು ನಡೆಯುತ್ತದೆಯೇ ಎಂದು ಕೇಳಿದೆ.

"ಪುಣೇದಾಗ ಇರೂ ಕೌದಿ," ಅಂದಳು, "ರೂಢಿ ಮಾಡ್ಕೋತೈತಿ ಬಿಡು."