ಕೃಷ್ಣದೇವರಾಯನಿಗೆ ಅಂಗಿ ಹೊಲಿಯುವುದು

ನವೆಂಬರ್ ಬಂತೆಂದರೆ ಶಾಲೆಗಳಲ್ಲಿ ರಾಜ್ಯೋತ್ಸವದ ಸಡಗರ. ಅದರ ಬೆನ್ನಿಗೇ ವಾರ್ಷಿಕೋತ್ಸವ. ಪೇಟೆಯಲ್ಲಿ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಅದೇ ಸುಗ್ಗಿಯ ಕಾಲ. ಕೆಂಪು ಮಖಮಲ್ಲಿನ ಒಂದೇ ನಿಲುವಂಗಿ ಸೋಮವಾರ ಪುಲಿಕೇಶಿಯಾಗಿ, ಬುಧವಾರ ಮಯೂರವರ್ಮನಾಗಿ, ಶನಿವಾರ ಕೃಷ್ಣದೇವರಾಯನಾಗಿ ವೇದಿಕೆ ಏರುತ್ತದೆ. ನಡುವೆ ಒಗೆಯುವುದಕ್ಕೂ ಪುರುಸೊತ್ತಿಲ್ಲದ ಕಾರಣ ಮೂವರು ಅರಸರ ಬೆವರೂ ಒಂದೇ ಕಾಲರಿನಲ್ಲಿ ಸೇರಿರುತ್ತದೆ. ಮಯೂರವರ್ಮನಿಗೂ ಕೃಷ್ಣದೇವರಾಯನಿಗೂ ಸಾವಿರ ವರ್ಷಕ್ಕೂ ಮಿಕ್ಕ ಅಂತರವಿದೆ ಎಂಬ ಸಂಗತಿ ಆ ನಿಲುವಂಗಿಗೆ ಗೊತ್ತಿಲ್ಲ. ಅದನ್ನು ತೊಟ್ಟ ಹುಡುಗನಿಗೂ ಯಾರೂ ಹೇಳಿರುವುದಿಲ್ಲ.

ಅಪರೂಪಕ್ಕೆ ಒಂದು ಮಗು ಮಾತ್ರ ಕನ್ನಡಿಯ ಮುಂದೆ ನಿಂತು, "ರಾಯ ನಿಜವಾಗಿಯೂ ಇದನ್ನೇ ಹಾಕಿಕೊಳ್ಳುತ್ತಿದ್ದನೇ?" ಎಂದು ಕೇಳಿಬಿಡುತ್ತದೆ. ಹಳೆಯ ಕಾಲದ ಉಡುಪನ್ನು ತಾನೇ ಹೊಲಿದು ಸಿಂಗರಿಸುವ ಹವ್ಯಾಸ ಶುರುವಾಗುವುದು ಇಂಥ ಪ್ರಶ್ನೆಯಿಂದಲೇ. ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಗಟ್ಟಿಯಾದ ತಳಪಾಯವಿದೆ. ಜಾನೆಟ್ ಅರ್ನಾಲ್ಡ್ ಎಂಬಾಕೆ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಪರೀಕ್ಷಿಸಿ, ಅಳೆದು, ಚೌಕಳಿ ಕಾಗದದ ಮೇಲೆ ನಕ್ಷೆ ಬರೆದರು. 1964ರಿಂದ ಹೊರಬಂದ ಅವರ 'ಪ್ಯಾಟರ್ನ್ಸ್ ಆಫ್ ಫ್ಯಾಷನ್' ಸಂಪುಟಗಳನ್ನು ಮುಂದಿಟ್ಟುಕೊಂಡು ಇಂದಿಗೂ ಸಾವಿರಾರು ಮಂದಿ ಮನೆಯಲ್ಲೇ ಎಲಿಜಬೆತ್ ರಾಣಿಯ ಕಾಲದ ಅಂಗಿ ಹೊಲಿಯುತ್ತಾರೆ. ನಮ್ಮಲ್ಲಿ ಆ ಸೌಕರ್ಯವಿಲ್ಲ. ಈ ಸೆಕೆ, ಈ ಮಳೆ, ಈ ಗೆದ್ದಲುಗಳ ನಡುವೆ ಐನೂರು ವರ್ಷದ ಹತ್ತಿಬಟ್ಟೆ ಉಳಿಯುವುದು ದುರ್ಲಭ. ಉಳಿದಿರುವುದು ಕಲ್ಲು, ಬಣ್ಣ ಮತ್ತು ಪರದೇಶಿಗಳ ಬರಹ.

ಆದರೆ ಅಷ್ಟೇ ಸಾಕಷ್ಟಿದೆ. ಕೃಷ್ಣದೇವರಾಯನನ್ನೇ ತೆಗೆದುಕೊಳ್ಳಿ. ಅವನು ಆಳಿದ್ದು 1509ರಿಂದ 1529ರವರೆಗೆ. ಸುಮಾರು 1520ರ ಹೊತ್ತಿಗೆ ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸರವನು ಡೊಮಿಂಗೊ ಪೇಸ್. ಅವನು ಬರೆದಿರುವ ಪ್ರಕಾರ ರಾಯ ತೊಟ್ಟಿದ್ದು ಬಿಳಿಯ ವಸ್ತ್ರ. ಅದರ ಮೇಲೆ ಚಿನ್ನದ ದಾರದಲ್ಲಿ ಕಸೂತಿ ಮಾಡಿದ ಗುಲಾಬಿಗಳು. ಕೊರಳಲ್ಲಿ ವಜ್ರದ ಆಭರಣ. ತಲೆಯ ಮೇಲೆ ಜರಿಬಟ್ಟೆಯ ಎತ್ತರದ ಟೋಪಿ, ಅದರ ಮೇಲೊಂದು ನಯವಾದ ರೇಷ್ಮೆ. ಕಾಲು ಬರಿಗಾಲು! ಮಖಮಲ್ಲು ಎಲ್ಲಿ ಹೋಯಿತು? ಕಿರೀಟ ಎಲ್ಲಿ? ಮಿರಿಮಿರಿ ಮಿಂಚುವ ಜರತಾರಿ ಮೋಜಡಿ ಎಲ್ಲಿ? ಅವೆಲ್ಲ ಬಹುಪಾಲು ಕಂಪನಿ ನಾಟಕ ಮತ್ತು ಸಿನಿಮಾಗಳ ಕೊಡುಗೆ. ರಾತ್ರಿಯ ದೀಪದ ಬೆಳಕಿನಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ರಾಜ ರಾಜನಂತೆ ಕಾಣಬೇಕಿತ್ತು. ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ.

ಪೇಸ್ ಹೇಳಿದ ಟೋಪಿಯನ್ನು ಕಣ್ಣಿನಿಂದ ನೋಡಬೇಕೆಂದರೆ ಲೇಪಾಕ್ಷಿಗೆ ಹೋಗಬೇಕು. ಹಿಂದೂಪುರದ ಹತ್ತಿರ, ನಮ್ಮ ಗಡಿಯಿಂದ ಆಚೆ ಸ್ವಲ್ಪ ದೂರ. ಅಲ್ಲಿನ ವೀರಭದ್ರ ದೇವಸ್ಥಾನದ ಮಂಟಪದ ಚಾವಣಿಯ ಮೇಲೆ 16ನೇ ಶತಮಾನದ ವರ್ಣಚಿತ್ರಗಳಿವೆ. ಸಾಲಾಗಿ ನಿಂತ ಗಣ್ಯರ ತಲೆಯ ಮೇಲೆ ಶಂಕುವಿನಾಕಾರದ ಉದ್ದನೆಯ ಟೋಪಿಗಳು, ಹೆಂಗಸರ ಸೀರೆಗಳ ಮೇಲೆ ಒಂದಕ್ಕಿಂತ ಒಂದು ಬೇರೆಯಾದ ಚೌಕಳಿ, ಪಟ್ಟೆ, ಹೂಬಳ್ಳಿಗಳು. ಕತ್ತು ನೋಯುವವರೆಗೆ ತಲೆಯೆತ್ತಿ ನೋಡಿದರೂ ಮುಗಿಯುವುದಿಲ್ಲ. ಜೊತೆಗೆ ಒಂದು ನೋಟ್‌ಪುಸ್ತಕ, ಬಣ್ಣದ ಪೆನ್ಸಿಲ್ಲುಗಳಿದ್ದರೆ ಒಂದು ವರ್ಷದ ಹವ್ಯಾಸಕ್ಕೆ ಸಾಕಾಗುವಷ್ಟು ಸರಕು ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿಬಿಡುತ್ತದೆ.

ಆ ಟೋಪಿಯ ಹೆಸರು ಕುಲ್ಲಾಯಿ. ಅದರ ಜೊತೆ ತೊಡುತ್ತಿದ್ದ ಉದ್ದ ತೋಳಿನ ನಿಲುವಂಗಿಯ ಹೆಸರು ಕಬಾಯಿ. ಫಿಲಿಪ್ ವ್ಯಾಗನರ್ ಎಂಬ ಇತಿಹಾಸಕಾರರು 1996ರಲ್ಲಿ ಈ ಎರಡು ಉಡುಪುಗಳ ಬೆನ್ನು ಹತ್ತಿ ಒಂದು ಸ್ವಾರಸ್ಯದ ಲೇಖನ ಬರೆದರು. ಕಬಾಯಿ ಎಂಬುದು ಅರಬ್ಬಿಯ 'ಕಬಾ', ಕುಲ್ಲಾಯಿ ಎಂಬುದು ಪಾರ್ಸಿಯ 'ಕುಲಾಹ್'. ಅಂದರೆ ವಿಜಯನಗರದ ಆಸ್ಥಾನದಲ್ಲಿ ಅರಸರೂ ಮನ್ನೆಯರೂ ತೊಡುತ್ತಿದ್ದುದು ಅರೇಬಿಯಾ, ಪರ್ಷಿಯಾಗಳ ಕಡೆಯಿಂದ ಬಂದ ಉಡುಪಿನ ಮಾದರಿ. ಬಹಮನಿಯವರೊಡನೆ ಯುದ್ಧ ಮಾಡುತ್ತಲೇ ಅವರ ಲೋಕದ ದರ್ಬಾರಿ ಪೋಷಾಕನ್ನು ನಮ್ಮ ಅರಸರು ತಮ್ಮದಾಗಿಸಿಕೊಂಡಿದ್ದರು. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತಿರುವ ರಾಯನ ಲೋಹದ ಪ್ರತಿಮೆಯನ್ನು ನೋಡಿ. ದೇವರ ಮುಂದೆ ಕಬಾಯಿ ಇಲ್ಲ, ಬರಿಮೈ. ತಲೆಯ ಮೇಲೆ ಮಾತ್ರ ಕುಲ್ಲಾಯಿ ಹಾಗೆಯೇ ಇದೆ. ಇಷ್ಟಕ್ಕೂ ಆ ಪದ ನಮ್ಮನ್ನು ಬಿಟ್ಟು ಹೋಗಿಲ್ಲ. ಅಜ್ಜಿಯಂದಿರು ಎಳೆಗೂಸಿನ ತಲೆಗೆ ಹಾಕುವ ಕುಲಾವಿ ಇದೇ ಪದದ ಮೊಮ್ಮಗಳು.

ಇನ್ನು ಹೊಲಿಗೆ. ಚಿತ್ರದಲ್ಲಿ ಬಟ್ಟೆ ಕಾಣುತ್ತದೆಯೇ ಹೊರತು ಹೊಲಿಗೆ ಕಾಣುವುದಿಲ್ಲ. ಆದ್ದರಿಂದ ಹವ್ಯಾಸಿಗಳು ಅಜ್ಜನ ಹಳೆಯ ಜುಬ್ಬಾ ಒಂದನ್ನು ಬಿಚ್ಚಿ ನೋಡುವುದುಂಟು. ನೆಟ್ಟಗೆ ಕತ್ತರಿಸಿದ ಉದ್ದ ತುಂಡುಗಳು, ಕಂಕುಳಿಗೆ ಕೈ ಎತ್ತಲು ಬರುವಂತೆ ಒಂದು ಚೌಕದ ತುಂಡು, ಇಷ್ಟೇ. ಇದನ್ನು ಕಾಲಿನವರೆಗೆ ಉದ್ದ ಮಾಡಿದರೆ ಕಬಾಯಿಗೆ ಹತ್ತಿರದ ಒಂದು ಊಹೆ ಸಿದ್ಧ. ತೆಳುವಾದ ಬಿಳಿ ಮಲ್ ಬಟ್ಟೆ ಸಾಕು. ಕುಲ್ಲಾಯಿಗೆ ದರ್ಜಿಗಳು ಕಾಲರಿಗೆ ಹಾಕುವ ಬಕ್ರಂ ತಂದು ಶಂಕುವಿನಂತೆ ಸುತ್ತಿ, ಮೇಲೆ ಅಮ್ಮನ ಹರಿದ ರೇಷ್ಮೆ ಸೀರೆಯ ಜರಿ ಸೆರಗನ್ನು ಕೂರಿಸಬಹುದು. ಅಮ್ಮನ ಒಪ್ಪಿಗೆ ಪಡೆದು, ಎಂದು ಸೇರಿಸುವುದು ಕ್ಷೇಮ. ಅರಮನೆಯ ಹೆಂಗಸರೂ ದೊಡ್ಡ ಮುತ್ತುಗಳ ಹೂ ಪೋಣಿಸಿದ ಎತ್ತರದ ಟೋಪಿ ಹಾಕುತ್ತಿದ್ದರೆಂದು ಪೇಸ್ ಬರೆದಿದ್ದಾನೆ. ಆದ್ದರಿಂದ ಹುಡುಗಿಯರಿಗೂ ಕುಲ್ಲಾಯಿ ನಿಷಿದ್ಧವಲ್ಲ.

"ಅಮ್ಮಾ, ಗುಲಾಬಿ ಬಿಡಿಸಲು ಜರಿದಾರ ಬೇಕು."

"ಮೊದಲು ಗಣಿತ ಮುಗಿಸು. ಪರೀಕ್ಷೆಯಲ್ಲಿ ಗುಲಾಬಿ ಕೇಳುವುದಿಲ್ಲ."

ಇದು ಬಹುತೇಕ ಎಲ್ಲ ಮನೆಗಳ ಸಂವಾದ. ತಾಯಿಯ ಆತಂಕ ಸುಳ್ಳಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿ ಮುಂದೆ ಎಲ್ಲೆಲ್ಲಿ ಬಾಗಿಲು ತೆರೆಯುತ್ತದೆ, ಎಲ್ಲೆಲ್ಲಿ ಮುಚ್ಚುತ್ತದೆ ಎಂಬುದನ್ನು ಬಲ್ಲವಳು ಅವಳು. ಆದರೆ ಸೂಜಿಗೂ ಗಣಿತಕ್ಕೂ ಅಂಥ ವೈರವಿಲ್ಲ ಎಂಬುದಕ್ಕೆ ಧಾರವಾಡದ ಕಸೂತಿಯೇ ಸಾಕ್ಷಿ. ಕಸೂತಿಯಲ್ಲಿ ಪೆನ್ಸಿಲ್ಲಿನ ಗೆರೆ ಎಳೆಯುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ಆನೆ ಅಂಬಾರಿ, ತುಳಸಿ ವೃಂದಾವನಗಳು ಮೂಡಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯದು ವಿಚಿತ್ರ ನಡೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಮುಗಿದ ಮೇಲೆ ಬಟ್ಟೆಯ ಎರಡು ಬದಿಯೂ ಒಂದೇ. ಕವಲುಗಳಿರುವ ಚಿತ್ತಾರವಾದರೆ ಯಾವ ಕವಲಿಗೆ ಮೊದಲು ನುಗ್ಗಿ ಯಾವ ದಾರಿಯಲ್ಲಿ ಹಿಂದಿರುಗಬೇಕೆಂದು ಮೊದಲೇ ಲೆಕ್ಕ ಹಾಕದಿದ್ದರೆ ಸೂಜಿ ನಡುನೀರಿನಲ್ಲಿ ಸಿಕ್ಕಿಕೊಳ್ಳುತ್ತದೆ. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಬಗ್ಗೆ ತಲೆ ಕೆಡಿಸಿಕೊಂಡ ಸಮಸ್ಯೆಯ ದಾಯಾದಿ ಇದು.

ಇದೇ ಹೊಲಿಗೆಯನ್ನು ಯುರೋಪಿನವರು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹಾನ್ಸ್ ಹೋಲ್ಬೈನ್ ಎಂಟನೆಯ ಹೆನ್ರಿಯ ಆಸ್ಥಾನದ ಚಿತ್ರಕಾರ. ಅವನು ಬರೆದ ಜೇನ್ ಸೆಮೂರ್ ರಾಣಿಯ ಚಿತ್ರದಲ್ಲಿ ಮುಂಗೈ ಬಳಿಯ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಕೆಲಸವನ್ನು ಎಳೆ ಎಣಿಸುವಷ್ಟು ಸ್ಪಷ್ಟವಾಗಿ ತೋರಿಸಿದ್ದಾನೆ. ಅದು 1536ರ ಆಸುಪಾಸಿನ ಚಿತ್ರ; ಪೇಸ್ ಹಂಪೆಗೆ ಬಂದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಗವಂತಿ ಬಲ್ಲ ಹುಬ್ಬಳ್ಳಿಯ ಹುಡುಗಿ ಆ ರಾಣಿಯ ಮುಂಗೈ ಪಟ್ಟಿಯನ್ನು ಒಂದು ರಜೆಯಲ್ಲಿ ಹಾಕಿಬಿಡಬಲ್ಲಳು.

ಅರಸರನ್ನು ಬಿಟ್ಟು ಕಿತ್ತೂರು ಚೆನ್ನಮ್ಮನ ಕಡೆ ಬಂದರೆ ಲೆಕ್ಕ ಬೇರೆ. ಅವಳು ಕಂಪನಿ ಸರಕಾರದ ಪಡೆಯನ್ನು ಸೋಲಿಸಿದ್ದು 1824ರಲ್ಲಿ. ವಿಲಿಯಂ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿ ಮೊದಲ ರಾಸಾಯನಿಕ ಬಣ್ಣವೊಂದನ್ನು ಆಕಸ್ಮಿಕವಾಗಿ ಕಂಡುಹಿಡಿದದ್ದು 1856ರಲ್ಲಿ. ಕ್ವಿನೈನ್ ತಯಾರಿಸಲು ಹೊರಟ ಹುಡುಗನ ಗಾಜಿನ ಪಾತ್ರೆಯಲ್ಲಿ ನೇರಳೆ ಬಣ್ಣ ಸಿಕ್ಕಿತು. ಹಾಗಾಗಿ ಚೆನ್ನಮ್ಮನ ಪಾತ್ರಕ್ಕೆ ಕಣ್ಣು ಕೋರೈಸುವ ಗುಲಾಬಿ ಸೀರೆ ಉಡಿಸಿದರೆ ಮೂವತ್ತು ವರ್ಷಕ್ಕೂ ಹೆಚ್ಚಿನ ತಪ್ಪು. ನೀಲಿಗಿಡ, ಮಂಜಿಷ್ಠ, ಅರಗು, ಅರಿಶಿನ, ದಾಳಿಂಬೆ ಸಿಪ್ಪೆಗಳ ಬಣ್ಣಗಳೇ ಆಗಿನವು. ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ದೊರೆತದ್ದು 1851ರಲ್ಲಿ, ಪಾಲಿಯೆಸ್ಟರ್ ನೂಲು ಹುಟ್ಟಿದ್ದು 1941ರಲ್ಲಿ. ಪ್ರಾಮಾಣಿಕ ಹವ್ಯಾಸಿಗಳು ಒಳಗಿನ ಉದ್ದ ಹೊಲಿಗೆಯನ್ನು ಮಿಷನ್ನಿನಲ್ಲಿ ಓಡಿಸಿ, ಹೊರಗೆ ಕಾಣುವುದನ್ನೆಲ್ಲ ಕೈಯಲ್ಲೇ ಹಾಕುತ್ತಾರೆ. ಕಾಲೇಜು ಹುಡುಗರಿಗೆ ಇಷ್ಟು ರಿಯಾಯಿತಿ ಕೊಡಬಹುದು.

ಹುಡುಗರು ಎಂದ ಮೇಲೆ ಒಂದು ಮಾತು. ಪೇಟೆಯ ದರ್ಜಿ ಅಂಗಡಿಯಲ್ಲಿ ದಿನವಿಡೀ ಮಿಷನ್ ತುಳಿಯುವವನು ಗಂಡಸು. ಅದರಲ್ಲಿ ಯಾರಿಗೂ ನಗು ಬರುವುದಿಲ್ಲ. ಮನೆಯ ಹುಡುಗ ಕಿಟಕಿಯ ಬಳಿ ಕುಳಿತು ಜರಿ ಗುಲಾಬಿ ಬಿಡಿಸಿದರೆ ಮಾತ್ರ ಚಿಕ್ಕಪ್ಪನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರಿಗೂ ಹಾಸ್ಯ. ಎಷ್ಟೋ ಹುಡುಗರು ಸೂಜಿ ಕೆಳಗಿಡುವುದು ಇದೇ ಕಾರಣಕ್ಕೆ.

ಇದಕ್ಕಿಂತ ಕಠಿಣವಾದ ಪರೀಕ್ಷೆ ವೇದಿಕೆಯ ಹಿಂದೆ ಕಾದಿರುತ್ತದೆ. ತಿಂಗಳುಗಟ್ಟಲೆ ಕೂತು ಹೊಲಿದ ಬಿಳಿ ಕಬಾಯಿ, ಕುಲ್ಲಾಯಿ ತೊಟ್ಟು, ಬರಿಗಾಲಿನಲ್ಲಿ ಬಂದ ಹುಡುಗನನ್ನು ಕಂಡು ನಾಟಕದ ಉಸ್ತುವಾರಿ ಹೊತ್ತವರು, "ಕಿರೀಟ ಎಲ್ಲಿ ಮಾರಾಯ? ಜನ ಇವನನ್ನು ರಾಜ ಅಂತ ಹೇಗೆ ಗುರುತಿಸಬೇಕು?" ಎನ್ನುವುದು ಅಸಂಭವವೇನಲ್ಲ. ಅವರ ಕಷ್ಟವೂ ನಿಜವೇ. ಅಭ್ಯಾಸವಾದ ಕಣ್ಣಿಗೆ ಮಖಮಲ್ಲೇ ರಾಜ. ಆದರೂ ಇಲ್ಲಿ ಹುಡುಗನ ಪಕ್ಷ ವಹಿಸುವುದೇ ಸರಿ. ಪರದೆ ಏಳುವ ಮುನ್ನ, ಈ ಉಡುಪು ಲೇಪಾಕ್ಷಿಯ ಚಾವಣಿಯಿಂದಲೂ ಪೇಸನ ಬರಹದಿಂದಲೂ ಇಳಿದು ಬಂದದ್ದು ಎಂದು ಎರಡು ವಾಕ್ಯ ಮೈಕಿನಲ್ಲಿ ಹೇಳಿದರೆ ಸಭೆಗೆ ಅರ್ಥವಾಗದಿರುವುದಿಲ್ಲ.

ನಾಟಕ ಮುಗಿದ ಮೇಲೆ ಉಡುಪನ್ನು ಬೆವರು ಆರುವವರೆಗೆ ನೆರಳಿನಲ್ಲಿ ಹರವಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಬೇಕು. ನುಸಿಗುಳಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಬೇಕಿದ್ದರೆ ಒಣಗಿದ ಬೇವಿನೆಲೆ ಇಡಬಹುದು. ಆಗಾಗ ತೆಗೆದು ಮಡಿಕೆ ಬದಲಿಸದಿದ್ದರೆ ಅದೇ ಗೆರೆಯಲ್ಲಿ ಜರಿ ಮುರಿಯುತ್ತದೆ. ಕೆಳ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿ ಹೊಲಿದಿದ್ದರೆ, ಬರುವ ವರ್ಷ ಹುಡುಗ ಎಷ್ಟೇ ಉದ್ದವಾದರೂ ರಾಯನ ಅಂಗಿ ಅವನಿಗೆ ಸಾಲುತ್ತದೆ.