ಹುಲ್ಲಿನ ಲೆಕ್ಕ

ಕಾರ್ತಿಕ ಕಳೆಯುವ ಹೊತ್ತಿಗೆ ಸಾಸಲು ಹೋಬಳಿಯ ಹೊಲಗಳಲ್ಲಿ ರಾಗಿ ತೆನೆ ಬಲಿತು ಬಾಗಿರುತ್ತದೆ. ಬದುವಿನ ಮೇಲೆ ನಿಂತ ಯಜಮಾನನಿಗೆ ಒಂದೇ ಯೋಚನೆ: ಆಳು ಹುಡುಕುವುದೋ, ಯಂತ್ರ ಕರೆಸುವುದೋ? ಯಂತ್ರವಾದರೆ ಕುಯ್ಲು, ಒಕ್ಕಣೆ ಒಂದೇ ಸಲಕ್ಕೆ ಮುಗಿದು ಕಾಳು ಚೀಲ ಸೇರುತ್ತದೆ. ಆಳು ಬೇಕೆಂದರೆ ಹತ್ತು ಮನೆ ಬಾಗಿಲು ತಟ್ಟಬೇಕು. ಊರಿನ ಹುಡುಗ ಹುಡುಗಿಯರು ಬೆಳಿಗ್ಗೆಯೇ ದೊಡ್ಡಬಳ್ಳಾಪುರದ ಕಾರ್ಖಾನೆಗಳಿಗೆ ಹೊರಟಿರುತ್ತಾರೆ.

ಆದರೂ ಅವನು ತಲೆ ಕೆರೆದುಕೊಳ್ಳುತ್ತಾನೆ. ನೋಡಿದವರು ‘ಹಳೇ ಕಾಲದವನು’ ಎಂದು ನಗಬಹುದು. ಅವನ ಮನಸ್ಸಿರುವುದು ಕೊಟ್ಟಿಗೆಯಲ್ಲಿ. ಅಲ್ಲಿ ಎರಡು ಸೀಮೆ ಹಸುಗಳಿವೆ. ರಾಗಿ ವರ್ಷಕ್ಕೊಮ್ಮೆ, ಅದೂ ಮಳೆ ಕೃಪೆ ಇದ್ದರೆ. ಉಪ್ಪು ಮೆಣಸಿನಕಾಯಿಗೆ ಆಗುವುದು ಡೇರಿಯ ಬಟವಾಡೆ. ಯಂತ್ರ ಕುಯ್ದ ಹುಲ್ಲು ತುಂಡಾಗಿ ಚೆಲ್ಲುತ್ತದೆ, ಒಂದಿಷ್ಟು ಕೂಳೆಯಲ್ಲೇ ಉಳಿಯುತ್ತದೆ. ಮೆದೆ ಚಿಕ್ಕದಾದರೆ ಬೇಸಿಗೆಯಲ್ಲಿ ಹುಲ್ಲು ಕೊಳ್ಳಬೇಕು, ಇಲ್ಲವೇ ಒಂದು ಹಸುವನ್ನು ಸಂತೆಗೆ ಹೊಡೆಯಬೇಕು.

ಹೊಸದೆಂದರೆ ಆಗದವನೂ ಅಲ್ಲ ಅವನು. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿ ಕೊಟ್ಟಾಗ ಈ ಸೀಮೆಯ ರೈತರು ಬಿತ್ತಿದರು. ಆಮೇಲೆ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು, ಅದನ್ನೂ ಬಿತ್ತಿದರು. ಬೀಜ ಬದಲಾಯಿತೇ ಹೊರತು ಕೂರಿಗೆ, ಕುಂಟೆ ಬದಲಾಗಲಿಲ್ಲ. ಮುಂದಿನ ವರ್ಷದ ಬಿತ್ತನೆಯನ್ನು ಮನೆಯ ರಾಗಿಯಲ್ಲೇ ಎತ್ತಿಡಬಹುದಿತ್ತು. ಅಮೆರಿಕದ ಎವರೆಟ್ ರೋಜರ್ಸ್ 1962ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಹೊಸದರಿಂದ ಲಾಭ ಕಾಣಬೇಕು, ಅದು ಬದುಕಿಗೆ ಹೊಂದಬೇಕು, ಸುಲಭವಿರಬೇಕು, ಸ್ವಲ್ಪದರಲ್ಲಿ ಮಾಡಿ ನೋಡುವಂತಿರಬೇಕು, ಫಲ ಕಣ್ಣಿಗೆ ಬೀಳಬೇಕು.

ಡಾಂಬರು ರಸ್ತೆಯನ್ನೇ ಕಣ ಮಾಡಿಕೊಳ್ಳಿ ಎಂದು ಯಾವ ಇಲಾಖೆಯೂ ಹೇಳಲಿಲ್ಲ. ಆದರೂ ಊರೂರಿನಲ್ಲಿ ತೆನೆ ರಸ್ತೆಗೆ ಬಿತ್ತು. ಕಾಸಿಲ್ಲ, ಕಲಿಯುವುದಿಲ್ಲ, ಬಸ್ಸು ಲಾರಿಗಳೇ ಒಕ್ಕಿ ಕೊಡುತ್ತವೆ. ಜಾರಿಬಿದ್ದ ಬೈಕಿನವನ ಮಂಡಿಯ ನೋವು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

“ಏನ್ ಯಜಮಾನ್ರೇ, ಗಾಡಿ ಇಳಿಸ್ಲಾ?” ಎನ್ನುತ್ತಾನೆ ಯಂತ್ರದವನು.

“ತಾಳಪ್ಪ, ಮನೇಲಿ ಕೇಳ್ಬೇಕು.”

ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ಹೆಂಡತಿ ತಲೆಯೆತ್ತದೆಯೇ ತೀರ್ಮಾನ ಕೊಡುತ್ತಾಳೆ: “ರಸ್ತೆ ಪಕ್ಕದ ಅರ್ಧ ಎಕರೆ ಮಿಷನ್‌ಗೆ ಬಿಡಿ, ನೋಡಾನ. ಮಿಕ್ಕಿದ್ದು ಮುಯ್ಯಾಳಲ್ಲಿ ಕುಯ್ಯಾನ. ಹಸ ಕಾಳು ತಿನ್ನಲ್ಲ.”

ರೈತರ ತರಬೇತಿ ಸಭೆಗೆ ಅವಳನ್ನು ಇದುವರೆಗೆ ಯಾರೂ ಕರೆದಿಲ್ಲ.