ಮಾಜಿ ಸೈನಿಕನಿಗೊಂದು ಕೌದಿ

ಸೇನೆಯಿಂದ ನಿವೃತ್ತನಾದ ಯೋಧ ಊರಿಗೆ ಮರಳುವ ದಿನ ನಮ್ಮ ಕಡೆ ಈಗ ದೊಡ್ಡ ಸಡಗರ. ಸಿಂಧನೂರಾಗಲಿ, ಮಸ್ಕಿಯಾಗಲಿ, ಲಿಂಗಸುಗೂರಾಗಲಿ, ತೆರೆದ ಜೀಪೊಂದು ಸಿಂಗಾರಗೊಳ್ಳುತ್ತದೆ. ಮುಂದೆ ಡೊಳ್ಳು ಇಲ್ಲವೇ ಹಲಗೆ, ಹಿಂದೆ ಧ್ವಜ ಹಿಡಿದ ಹುಡುಗರು. ತಾಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಸಂಜೆ ವೇದಿಕೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಆ ಪ್ರೀತಿ ನಿಜವಾದದ್ದು. ಅದನ್ನು ಕಂಡಾಗಲೆಲ್ಲ ನನ್ನ ಕಣ್ಣು ತುಂಬುತ್ತವೆ.

ಮರುದಿನ ಶಾಲುಗಳು ಟ್ರಂಕಿಗೆ ಹೋಗುತ್ತವೆ. ಆತನ ಇನ್ನೊಂದು ಬದುಕು ಶುರುವಾಗುವುದು ಆ ದಿನ. ಸಿಪಾಯಿಗೆ ಪಿಂಚಣಿ ಬರಬೇಕಾದರೆ 15 ವರ್ಷ ಸೇವೆಯಾಗಬೇಕು. ಹತ್ತೊಂಬತ್ತು ಇಪ್ಪತ್ತಕ್ಕೆ ಸೇರಿದವನು ನಲವತ್ತು ತುಂಬುವ ಮೊದಲೇ ಊರಲ್ಲಿರುತ್ತಾನೆ. ರಜೆಗೆ ಬಂದುಹೋಗುವ ನೆಂಟನಂತೆ ಅಪ್ಪನನ್ನು ಕಂಡ ಮಕ್ಕಳು ಈಗ ದಿನವೂ ಅವನ ಜೊತೆ ಇರಲು ಕಲಿಯಬೇಕು. ಹೊಲದ ಲೆಕ್ಕ, ಸೊಸೈಟಿಯ ಸಾಲ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಅವನಿಲ್ಲದಾಗ ಒಂದು ದಾರಿ ಹಿಡಿದಿರುತ್ತವೆ. ಎಷ್ಟೋ ಮಂದಿ ಬ್ಯಾಂಕಿನ ಬಾಗಿಲಲ್ಲಿ, ಎಟಿಎಂ ಮುಂದೆ, ಶಾಲೆಯ ಗೇಟಿನಲ್ಲಿ ಮತ್ತೆ ಸಮವಸ್ತ್ರ ತೊಟ್ಟು ನಿಲ್ಲುತ್ತಾರೆ. ನಸುಕಿನಲ್ಲಿ ಏಳುವ ರೂಢಿ ಹೋಗುವುದಿಲ್ಲ. ಎದ್ದು ಯಾರ ಜೊತೆ ಮಾತಾಡಬೇಕೆಂದು ಗೊತ್ತಾಗುವುದಿಲ್ಲ. ಮೆರವಣಿಗೆ ಮಾಡಿದ ಊರು ಆ ಹೊತ್ತಿಗೆ ತನ್ನ ಕೆಲಸಕ್ಕೆ ಮರಳಿರುತ್ತದೆ.

ಶಾಲಿನ ಮರುದಿನಕ್ಕೆ ನಮ್ಮ ಬಳಿ ಏನಿದೆ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಕೌದಿ.

ಕೌದಿ ಹೊಲಿಯುವುದನ್ನು ನಾನು ನೋಡಿದ್ದು ಅಜ್ಜಿಯ ಪಡಸಾಲೆಯಲ್ಲಿ. ಸುಗ್ಗಿ ಮುಗಿದು ಬೇಸಿಗೆ ಇಳಿದರೆ ಹೆಣ್ಣುಮಕ್ಕಳ ಕೈಗೆ ತುಸು ಬಿಡುವು. ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಬಟ್ಟೆ ಆಗ ಹೊರಬರುತ್ತಿತ್ತು. ಮೆತ್ತಗಾದ ಇಳಕಲ್ ಸೀರೆ, ಅಜ್ಜನ ಧೋತರ, ಹರಿದ ಖಣದ ಕುಪ್ಪಸ, ಮಕ್ಕಳ ಅಂಗಿ. ಹರಿದಲ್ಲಿ ಕತ್ತರಿಸಿ, ಗಟ್ಟಿ ಇದ್ದಲ್ಲಿ ಉಳಿಸಿಕೊಂಡು, ತೊಳೆದು ಒಣಗಿಸಿ, ಒಂದರ ಮೇಲೊಂದು ಪದರು ಹಾಸುತ್ತಿದ್ದರು. ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ನಾಲ್ಕು ಮೂಲೆಗೆ ಭಾರ ಇಟ್ಟು, ಸುತ್ತ ಕೂತು ಅಂಚಿನಿಂದ ನಡುವಿಗೆ ಸಾಲು ಹಿಡಿದು ಹೊಲಿಯುತ್ತಿದ್ದರು. ದಪ್ಪ ಸೂಜಿ, ಗಟ್ಟಿ ದಾರ, ನೇರವಾದ ಸಣ್ಣ ಸಣ್ಣ ಹೊಲಿಗೆ. "ನಾಕ್ ಮಂದಿ ಕೈ ಹತ್ತಿದ್ರನ ಕೌದಿ ಆಗ್ತೈತವ್ವಾ" ಅನ್ನುತ್ತಿದ್ದಳು ಅಜ್ಜಿ. ಓಣಿಯ ಅತ್ತಿಗೆ, ದೊಡ್ಡವ್ವ, ಪಕ್ಕದ ಮನೆಯ ಖಾಲಾ, ಎಲ್ಲರೂ ಕರೆಯದೆಯೇ ಬಂದು ತಮ್ಮ ಪಾಲಿನ ಅಂಚು ಹಿಡಿದು ಕೂಡುತ್ತಿದ್ದರು. ಖಾಲಾ ಅದನ್ನು ಗೋದಡಿ ಅನ್ನುತ್ತಿದ್ದಳು. ಅವಳ ಹೊಲಿಗೆ ಎಲ್ಲರಿಗಿಂತ ನೇರ. ಕೆಲಸ ಮುಗಿದ ದಿನ ಕೈ ಹಚ್ಚಿದವರಿಗೆಲ್ಲ ಸಿಹಿ ಊಟ.

ಹೀಗಾದ ಕೌದಿ ಯಾರಿಗೆ ಸಲ್ಲುತ್ತದೆ ಎಂಬುದಕ್ಕೆ ನಮ್ಮ ಕಡೆ ಬರೆಯದ ಒಂದು ಕಟ್ಟಳೆ ಇದೆ. ತೊಟ್ಟಿಲ ಕೂಸಿಗೆ ಸಣ್ಣ ಕೌದಿ, ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳ ಗಂಟಿನಲ್ಲಿ ಒಂದು, ಬೇರೆ ಊರಿಗೆ ಓದಲು ಹೊರಟ ಮೊಮ್ಮಗನ ಹಾಸಿಗೆಯಲ್ಲಿ ಒಂದು. ಹೊರಗಿನವರಿಗೆ ಉಟ್ಟ ಬಟ್ಟೆ ಕೊಡುವುದಿಲ್ಲ. ಅತಿಥಿಗೆ ಹೊಸದೇ ಕೊಡಬೇಕು. ಅಜ್ಜಿ ಉಟ್ಟ ಸೀರೆಯನ್ನೂ ಅಪ್ಪನ ಬೆವರು ಕುಡಿದ ಧೋತರವನ್ನೂ ಹೊಲಿದು ಕೊಡುವುದು ನಮ್ಮವರಿಗೆ ಮಾತ್ರ. ಸನ್ಮಾನದ ಶಾಲು ಗೌರವದ್ದು, ಅಂಗಡಿಯಿಂದ ಬಂದದ್ದು, ದೊಡ್ಡವರಾರೇ ಊರಿಗೆ ಬಂದರೂ ಸಿಗುವಂಥದ್ದು. ಕೌದಿ ಕೊಟ್ಟರೆ ಆಡದೆಯೇ ಒಂದು ಮಾತು ಆಡಿದಂತೆ: ನೀನು ನಮ್ಮ ಮನೆಯವನು. ಹದಿನೈದು ವರ್ಷ ಹೊರಗಿದ್ದು ಬಂದವನು ಕೇಳಬೇಕಾದ ಮಾತು ಇದೇ ಎಂದು ನನ್ನ ನಂಬಿಕೆ.

ದೂರದ ದೇಶದ ಒಬ್ಬ ತಾಯಿಗೂ ಇದು ಹೊಳೆದಿತ್ತು. ಅಮೆರಿಕದ ಡೆಲವೇರ್ ರಾಜ್ಯದ ಕ್ಯಾಥರೀನ್ ರಾಬರ್ಟ್ಸ್ ಅವರ ಮಗ 2003ರಲ್ಲಿ ಇರಾಕಿನಲ್ಲಿದ್ದ. ಆ ದಿನಗಳಲ್ಲಿ ಅವರಿಗೊಂದು ಕನಸು ಬಿತ್ತಂತೆ. ನಡುರಾತ್ರಿ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತ ತರುಣ ಸೈನಿಕ. ಮರುಗಳಿಗೆಯಲ್ಲಿ ಅದೇ ತರುಣ ಹೊಲಿದ ಹೊದಿಕೆಯೊಂದನ್ನು ಸುತ್ತಿಕೊಂಡು ಸಮಾಧಾನದಿಂದ ಕೂತಿದ್ದಾನೆ. ಎದ್ದವರೇ ಹೊಲಿಯಬಲ್ಲವರನ್ನು ಕೂಡಿಸತೊಡಗಿದರು. ಹೀಗೆ ಹುಟ್ಟಿದ 'ಕ್ವಿಲ್ಟ್ಸ್ ಆಫ್ ವೇಲರ್' ಎಂಬ ಸಂಸ್ಥೆಯ ಸ್ವಯಂಸೇವಕರು ಇದುವರೆಗೆ ಮೂರು ಲಕ್ಷಕ್ಕೂ ಹೆಚ್ಚು ಹೊದಿಕೆಗಳನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಕೊಟ್ಟಿದ್ದಾರೆ. ಹೊದಿಕೆಯನ್ನು ಬರಿದೆ ಕೈಗಿಡುವುದಿಲ್ಲ, ಹೆಗಲ ಸುತ್ತ ಹೊದಿಸುತ್ತಾರೆ. ಹೊಲಿದವರ ಹೆಸರು, ಪಡೆದವನ ಹೆಸರು ಬರೆದ ಚೀಟಿಯೊಂದನ್ನು ಹಿಂಬದಿಗೆ ಹೊಲಿದಿರುತ್ತಾರೆ. ವಿಯೆಟ್ನಾಂ ಯುದ್ಧ ಮುಗಿಸಿ ಬಂದಾಗ ಯಾರೂ ಮಾತಾಡಿಸದಿದ್ದ ಮುದುಕರೂ ಹೀಗೆ ಹೊದಿಕೆ ಪಡೆದಿದ್ದಾರೆ. ಸ್ವಾಗತಕ್ಕೆ ತಡವಾಯಿತು ಎಂದು ಅಲ್ಲಿ ಯಾರೂ ಕೈಬಿಟ್ಟಿಲ್ಲ.

ನಮ್ಮ ದೇಶದ ಹೆಂಗಸರ ಕೈಗೂ ಈ ಕೆಲಸ ಹೊಸದಲ್ಲ. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ಊರೂರಿನ ಮಹಿಳೆಯರು ಜವಾನರಿಗಾಗಿ ಸ್ವೆಟರ್ ಹೆಣೆದರು, ಮೈಮೇಲಿನ ಬಂಗಾರ ಬಿಚ್ಚಿ ಕೊಟ್ಟರು. ಯುದ್ಧ ನಡೆವಾಗ ಎದ್ದ ಆ ಕೈಗಳು ಯುದ್ಧ ಮುಗಿದ ಮೇಲೆ, ಮನೆಗೆ ಬಂದವನ ಮುಂದೆ, ಏಕೆ ಸುಮ್ಮನಾಗಬೇಕು?

ಹೊದಿಕೆ ಎಂದಾಗ ನನಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಆರನೆಯ ದಿನ ಹಿಮದಾಳದಲ್ಲಿ ಅವನೊಬ್ಬನಲ್ಲೇ ಉಸಿರಿತ್ತು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಅದೂ ನಿಂತಿತು. ನಡುವಿನ ಆ ಮೂರು ದಿನ ನಮ್ಮ ಕಡೆಯ ಗುಡಿ, ದರ್ಗಾ, ಶಾಲೆಗಳಲ್ಲೆಲ್ಲ ಅವನಿಗಾಗಿ ಕೈ ಮುಗಿದವರೆಷ್ಟೋ. ಅವನು ಮರಳಿ ಬಂದಿದ್ದರೆ ಯಾವ ಮನೆಯ ತಾಯಿ ತಾನೇ ತನ್ನ ಸೀರೆ ಕೊಡಲು ಹಿಂದೆಗೆಯುತ್ತಿದ್ದಳು? ಅದೇ ಚಳಿಯಲ್ಲಿ ನಿಂತು ಜೀವ ಉಳಿಸಿಕೊಂಡು ಬಂದವರು ನಮ್ಮ ಓಣಿಗಳಲ್ಲೇ ಇದ್ದಾರೆ. ಅವರು ಏನನ್ನೂ ಕೇಳುವುದಿಲ್ಲ. ಕೇಳದಿರುವುದನ್ನೇ ಅವರಿಗೆ ಕಲಿಸಲಾಗಿದೆ.

ಈ ಕೆಲಸಕ್ಕೆ ಬೇಕಾದದ್ದೆಲ್ಲ ನಮ್ಮ ಮೂರು ತಾಲ್ಲೂಕುಗಳಲ್ಲಿ ಇದೆ. ಲಿಂಗಸುಗೂರಿಗೆ ಸೈನಿಕರು ಹೊಸಬರಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಇದ್ದ ಊರದು, 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಅದರ ಸುತ್ತಲ ತಾಂಡಾಗಳಲ್ಲಿ ಕನ್ನಡಿ, ಕವಡೆ, ಬಣ್ಣದ ದಾರದಿಂದ ಬಟ್ಟೆಗೆ ಜೀವ ತುಂಬುವ ಲಂಬಾಣಿ ಹೆಣ್ಣುಮಕ್ಕಳಿದ್ದಾರೆ. ಇತ್ತ ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟದ್ದು ಈ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ. ಬಂಗಾಳದ ಕಾಂಥಾ ನಮ್ಮ ಕೌದಿಯ ಒಡಹುಟ್ಟು. ಅಲ್ಲೂ ಹಳೆಯ ಸೀರೆಯ ಪದರುಗಳೇ, ಅಲ್ಲೂ ಹಾಗೆಯೇ ನೇರ ಹೊಲಿಗೆ. ಹಳೆಯ ಸೀರೆಯ ಅಂಚಿನಿಂದ ಎಳೆ ಬಿಡಿಸಿ ಅದೇ ದಾರದಲ್ಲಿ ಹೂವು, ಮೀನು, ಆನೆ ಬರೆಯುವುದು ಅವರ ರೂಢಿ. ನೆಲೆ ಕಳೆದುಕೊಂಡು ನೆಲೆ ಕಂಡವರ ಕೈ ಒಂದು ಮೂಲೆ ಹಿಡಿದರೆ ಆ ಕೌದಿಯ ಬೆಲೆಯೇ ಬೇರೆ.

ಎರಡೂ ಊರುಗಳ ನಡುವೆ ಮಸ್ಕಿ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಬಂಡೆಯಲ್ಲಿ ಶಾಸನವೊಂದನ್ನು ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನು ಸ್ಪಷ್ಟವಾಗಿ ಹೇಳಿ ವಿದ್ವಾಂಸರ ಸಂಶಯ ಕಳೆದ ಶಾಸನ ಅದು. ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬುದು ಅದರ ಸಾರ. ಯುದ್ಧದ ನೋವನ್ನು ಕಂಡು ಮರುಗಿದ ದೊರೆಯ ಮಾತು ನಮ್ಮೂರ ಬಂಡೆಯ ಮೇಲಿದೆ. ನಾವು ದೊರೆಗಳಲ್ಲ, ಯುದ್ಧ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಯುದ್ಧಭೂಮಿಯಿಂದ ಮರಳಿದವನಿಗೆ ಹಾಸಿಗೆ ಮೆತ್ತಗೆ ಮಾಡುವುದು ನಮ್ಮ ಕೈಯಲ್ಲಿದೆ.

ರಾಯಚೂರು ಜಿಲ್ಲೆಯ ಬಿಸಿಲಿಗೆ ಹೊದಿಕೆ ಯಾತಕ್ಕೆ ಎಂದು ಕೆಲವರು ಕೇಳಬಹುದು. ಕೌದಿಯನ್ನು ಬಲ್ಲವರು ಹೀಗೆ ಕೇಳುವುದಿಲ್ಲ. ಚಳಿಗಾಲದಲ್ಲಿ ಹೊದೆಯಲು, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಲು, ಬಂದವರಿಗೆ ಕೂಡಲು, ಮಗುವನ್ನು ಮಲಗಿಸಲು, ಎಲ್ಲಕ್ಕೂ ಅದೇ. ಹತ್ತಿಯ ಹಳೆಯ ಬಟ್ಟೆ ಬೆವರು ಹೀರುತ್ತದೆ, ತೊಳೆದಷ್ಟೂ ಮೆತ್ತಗಾಗುತ್ತದೆ. ಟ್ರಂಕಿನಲ್ಲಿ ಇಡುವ ವಸ್ತುವೇ ಅಲ್ಲ ಅದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೌದಿ ಹೊಲಿದೇ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. "ಕೌದಿ ಹೊಲಸ್ತೀರೇನ್ರವ್ವಾ" ಎಂದು ಓಣಿ ಓಣಿ ತಿರುಗುವ ಅಲೆಮಾರಿ ಸಮುದಾಯದವರು ಅವರು. ಈ ಕಸುಬಿನ ಗುಟ್ಟು ಈಗ ಉಳಿದಿರುವುದು ಹೆಚ್ಚಾಗಿ ಅವರ ಬೆರಳಲ್ಲೇ. ಸೇವೆಯ ಹೆಸರಿನಲ್ಲಿ ಅವರನ್ನು ಪುಕ್ಕಟೆ ದುಡಿಸಬಾರದು. ಬಟ್ಟೆಯನ್ನೂ ಬಿಡುವನ್ನೂ ಉಳ್ಳವರು ದಾನ ಕೊಡಲಿ. ಅಂಚು ಹಿಡಿಯಲು ಕಲಿಸುವವರಿಗೆ ಗುರುವಿನ ಗೌರವ, ದಿನದ ಪೂರ್ತಿ ಕೂಲಿ, ಮುಗಿದ ದಿನ ನಮ್ಮ ಪಂಕ್ತಿಯಲ್ಲೇ ಊಟ ಸಲ್ಲಲಿ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ತಮ್ಮ ಕೌದಿಯ ನಡುವಿನ ಕೊನೆಯ ತುಂಡಿನ ಕೆಳಗೆ ನಾಲ್ಕು ಅಕ್ಕಿಕಾಳು ಇಟ್ಟು ಹೊಲಿಯುತ್ತಾರೆ, ಕೌದಿಯ ಹೊಟ್ಟೆ ತುಂಬಿರಬೇಕೆಂದು. ಹೊಲಿದವಳ ಹೊಟ್ಟೆ ಖಾಲಿ ಇರಿಸಿ ಹೊಲಿಸಿದ ಕೌದಿ ಯಾರನ್ನೂ ಬೆಚ್ಚಗಿಡದು.

ಹೊಲಿಯಲು ಕೂತ ಕಡೆ ಇನ್ನೊಂದು ಸಂಗತಿ ತಾನಾಗಿ ನಡೆಯುತ್ತದೆ. ಕೈಗೆ ಕೆಲಸವಿದ್ದಾಗ ಬಾಯಿ ಸಡಿಲವಾಗುತ್ತದೆ. ಎದುರಿಗೆ ಕೂಡಿಸಿ ಕೇಳಿದರೆ ಹೊರಬಾರದ ಮಾತು, ಸೂಜಿಯ ಮೇಲೆ ಕಣ್ಣಿಟ್ಟಾಗ ಹೊರಬರುತ್ತದೆ. ಆ ಸುತ್ತಿನಲ್ಲಿ ಯೋಧನ ಹೆಂಡತಿಯೂ ಕೂಡಬೇಕು. ಗಂಡ ಗಡಿಯಲ್ಲಿದ್ದಾಗ ನಾಟಿ ಮಾಡಿಸಿದವಳು, ಅತ್ತೆಯನ್ನು ಆಸ್ಪತ್ರೆಗೆ ಒಯ್ದವಳು, ಗಡಿಯ ಸುದ್ದಿ ಬಂದ ರಾತ್ರಿಗಳನ್ನು ಟಿವಿ ಮುಂದೆ ಎಚ್ಚರದಿಂದ ಕಳೆದವಳು ಅವಳು. ಅವಳಿಗೆ ಯಾರೂ ಜೀಪು ಸಿಂಗರಿಸಲಿಲ್ಲ. ಮರಳಿ ಬಾರದವರ ಮಡದಿಯರೂ ತಾಯಂದಿರೂ ಕೂಡಬೇಕು. ಕೊಡುವ ಮೊದಲ ಕೌದಿಗಳಲ್ಲಿ ಅವರ ಪಾಲೂ ಇರಬೇಕು. ಊರಿನ ಹತ್ತು ಹೆಂಗಸರು ನಾಲ್ಕು ಮಧ್ಯಾಹ್ನ ಅವರ ಮಾತು ಕೇಳಿದರೆ, ಹೊಲಿದ ಬಟ್ಟೆಯಷ್ಟೇ ಬೆಲೆಯುಳ್ಳದ್ದು ಆ ಕೇಳಿದ್ದು.

ಕೊಡುವ ದಿನವೂ ಸಿದ್ಧವಾಗಿದೆ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ, ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ನಿವೃತ್ತರಾದದ್ದು 1953ರ ಜನವರಿ 14ರಂದು. ಆ ನೆನಪಿಗೆ ದೇಶ ಆ ದಿನವನ್ನು ಮಾಜಿ ಸೈನಿಕರ ದಿನವಾಗಿ ಆಚರಿಸುತ್ತದೆ. ನಮಗದು ಸಂಕ್ರಾಂತಿಯ ಹೊತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗಿ ಕೂಡಿ ಉಣ್ಣುವ ಹಬ್ಬ. ಬೆಳಗಿನ ಜಾವ ಚಳಿಯೂ ಇರುತ್ತದೆ. ದೀಪಾವಳಿ ಮುಗಿದ ಕೂಡಲೇ ಕೂತರೆ ಸಂಕ್ರಾಂತಿಯ ಹೊತ್ತಿಗೆ ಓಣಿಗೊಂದು ಕೌದಿ ಆಗುತ್ತದೆ. ವೇದಿಕೆ ಬೇಡ, ಮೈಕು ಬೇಡ. ಹೊಲಿದವರೇ ಅವನ ಮನೆಗೆ ಹೋಗಲಿ, ಹಿರಿಯಳೊಬ್ಬಳು ಹೆಗಲಿಗೆ ಹೊದಿಸಲಿ, ಹೊದಿಸುವಾಗ ಯಾವ ತುಂಡು ಯಾರ ಮನೆಯದೆಂದು ಹೇಳಲಿ. ಆಮೇಲೆ ಕೂತು ಅವನ ಮನೆಯ ಚಹಾ ಕುಡಿದು ಬರಲಿ.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ದೇಣಿಗೆಯ ಪಟ್ಟಿ ಬೇಕಿಲ್ಲ. ಹಳೆಯ ಸೀರೆಗಳು ಎಲ್ಲರ ಮನೆಯಲ್ಲೂ ಇವೆ. ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಹೇಗೂ ಸೇರುತ್ತವೆ. ಕಲಿಸುವ ಕೈಗಳು ಇನ್ನೂ ಬದುಕಿವೆ. ಮೊದಲು ಆಗಬೇಕಾದದ್ದು ಒಂದೇ. ನಮ್ಮ ನಮ್ಮ ಓಣಿಯಲ್ಲಿ ಸೇನೆಯಿಂದ ಮರಳಿದವರು ಯಾರಿದ್ದಾರೆ, ಮರಳದವರ ಮನೆ ಯಾವುದು ಎಂದು ಕೇಳಿ ತಿಳಿದುಕೊಳ್ಳುವುದು. ಎಷ್ಟೋ ಓಣಿಗಳಲ್ಲಿ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ. ನಾನು ನಮ್ಮ ಓಣಿಯಲ್ಲಿ ಕೇಳಲು ಹೊರಟಿದ್ದೇನೆ. ನೀವು ನಿಮ್ಮಲ್ಲಿ ಕೇಳಿ.